ನೆಂಟರನ್ನು ಹುಡುಕುವ ಡಿಎನ್ಎ ಕಿಟ್: ಚಿತ್ರ ಚೆಂದ, ಅಳತೆ ಸರಿಯಿಲ್ಲ

ಅವ್ವ, ನಾನು, ತಂಗಿ ಮೂವರೂ ಉಗುಳಿನ ಡಿಎನ್ಎ ಪರೀಕ್ಷೆ ಮಾಡಿಸಿದೆವು. ಕಂಪನಿಯ ಹೆಸರು ಬೇಡ. ಕಿಟ್ ಧಾರವಾಡದ ಮನೆಗೇ ಬಂತು, ಟ್ಯೂಬಿಗೆ ಉಗುಳಿ ಕೊರಿಯರ್‌ನವರ ಕೈಗೆ ಕೊಟ್ಟರೆ ಮುಗೀತು. ಕನ್ನಡದಲ್ಲಿ ಒಂದು ಸಾಲು ಸೂಚನೆಯೂ ಇಲ್ಲ. ಅರ್ಧ ಗಂಟೆ ಮೊದಲು ಚಹಾನೂ ಕುಡಿಯಬಾರದು ಅನ್ನೋದನ್ನ ಅವ್ವನಿಗೆ ನಾನೇ ಓದಿ ಹೇಳಬೇಕಾಯ್ತು.

ರಿಪೋರ್ಟಿನಲ್ಲಿ ಕ್ರೋಮೋಸೋಮ್ (ಜೀವಕೋಶದೊಳಗೆ ಡಿಎನ್ಎ ಸುತ್ತಿಕೊಂಡಿರುವ ಎಳೆ) ಚಿತ್ರ ಮಾತ್ರ ತುಂಬಾ ಚೆನ್ನಾಗಿದೆ. ನನಗೂ ತಂಗಿಗೂ ಒಂದೇ ಆಗಿರುವ ತುಂಡುಗಳಿಗೆ ಒಂದು ಬಣ್ಣ, ಬೇರೆ ಇರುವ ಕಡೆ ಇನ್ನೊಂದು. ಬಣ್ಣ ಬದಲಾಗುವ ಪ್ರತಿ ಜಾಗವೂ ಅಪ್ಪನ ವೀರ್ಯಾಣುವೋ ಅವ್ವನ ಅಂಡಾಣುವೋ ತಯಾರಾಗುವಾಗ ಜೋಡಿ ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾದ ಗುರುತು. ಅವ್ವನ ಡಿಎನ್ಎ ಕೂಡ ಇದ್ದದ್ದರಿಂದ ಯಾವುದು ಯಾರ ಕಡೆಯದು ಅಂತ ಬಿಡಿಸಿ ನೋಡಬಹುದು. ಅವ್ವನ ಕಡೆಯವೇ ಜಾಸ್ತಿ. ಅದು ಎಲ್ಲರಲ್ಲೂ ಹಾಗೇ: ಒಂದು ಅಂಡಾಣುವಿನಲ್ಲಿ ಸರಾಸರಿ 40ರ ಆಸುಪಾಸು ಅದಲುಬದಲು ಆಗಿರುತ್ತವೆ, ವೀರ್ಯಾಣುವಿನಲ್ಲಿ 26ರಷ್ಟು. ಇದನ್ನು ನೋಡೋದಕ್ಕೇ ದುಡ್ಡು ಕೊಡಬಹುದು.

ತಕರಾರು ಇರೋದು ನೆಂಟರ ಪಟ್ಟಿಯ ಬಗ್ಗೆ. ನಮಗೆ ಗೊತ್ತೇ ಇಲ್ಲದ ಗದಗಿನ ಒಬ್ಬರನ್ನು ಹತ್ತಿರದ ನೆಂಟರು ಅಂತ ತೋರಿಸಿದ್ದಾರೆ. ಕಾರಣ ನಮಗೂ ಅವರಿಗೂ ಒಂದೇ ಆಗಿರುವ ಒಂದೇ ಒಂದು ಉದ್ದನೆಯ ತುಂಡು, 1ನೇ ಕ್ರೋಮೋಸೋಮಿನ ನಡುಭಾಗದಲ್ಲಿ. ಉದ್ದವನ್ನು ಬರೀ ಡಿಎನ್ಎ ಅಕ್ಷರಗಳಲ್ಲಿ (ಡಿಎನ್ಎ ಸರಪಳಿಯ ಒಂದೊಂದು ಕೊಂಡಿ) ಎಣಿಸಿದ್ದಾರೆ. ಇದೇ ತಪ್ಪು. ಅದಲುಬದಲು ಎಲ್ಲ ಕಡೆ ಸಮನಾಗಿ ಆಗೋದಿಲ್ಲ. ನಡುವೆ ಸೊಂಟದ ಹಾಗೆ ಕಿರಿದಾಗಿರುವ ಸೆಂಟ್ರೋಮಿಯರ್ ಅನ್ನೋ ಜಾಗದ ಸುತ್ತ ಬಹಳ ಅಪರೂಪ, ಅಲ್ಲಿ 2 ಕೋಟಿ ಅಕ್ಷರದ ತುಂಡು ಕೂಡ ಎಷ್ಟೋ ತಲೆಮಾರು ಮುರಿಯದೆ ಬರಬಹುದು. ತುದಿಗಳ ಕಡೆ ಜಾಸ್ತಿ, ಅದರಲ್ಲೂ ಗಂಡಸರಲ್ಲಿ. 21, 22ರಂಥ ಚಿಕ್ಕ ಕ್ರೋಮೋಸೋಮ್‌ಗಳಲ್ಲೂ ಜಾಸ್ತಿ, ಯಾಕೆಂದರೆ ಎಷ್ಟೇ ಚಿಕ್ಕದಾದರೂ ಪ್ರತಿ ಜೋಡಿಗೆ ಸಾಮಾನ್ಯವಾಗಿ ಒಂದಾದರೂ ಅದಲುಬದಲು ಆಗಲೇಬೇಕು. ಇನ್ನೂ ಹತ್ತಿರ ಹೋಗಿ ನೋಡಿದರೆ ಬಹುಪಾಲು ಅದಲುಬದಲು ಒಂದೆರಡು ಸಾವಿರ ಅಕ್ಷರದ ಪುಟ್ಟ ಪುಟ್ಟ ಜಾಗಗಳಲ್ಲೇ ಆಗುತ್ತವೆ. ಅವಕ್ಕೆ ಹಾಟ್‌ಸ್ಪಾಟ್ ಅಂತಾರೆ. ಆ ಜಾಗಗಳನ್ನು ಗುರುತಿಸೋದು ಪಿಆರ್‌ಡಿಎಂ9 ಅನ್ನೋ ಪ್ರೋಟೀನ್, ಇದು ಗೊತ್ತಾಗಿದ್ದು 2010ರಲ್ಲಿ.

ಅದಕ್ಕೇ ಇಂಥ ಕೆಲಸಕ್ಕೆ ಸೆಂಟಿಮಾರ್ಗನ್ ಅಳತೆ ಬೇಕು. ಎರಡು ಜಾಗಗಳ ನಡುವೆ ಒಂದು ತಲೆಮಾರಿನಲ್ಲಿ ಅದಲುಬದಲಾಗುವ ಸಂಭವ 100ಕ್ಕೆ 1 ಇದ್ದರೆ ಅದು 1 ಸೆಂಟಿಮಾರ್ಗನ್. ಸರಾಸರಿ ಲೆಕ್ಕದಲ್ಲಿ ಹತ್ತು ಲಕ್ಷ ಅಕ್ಷರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಗದಗಿನವರ ಆ ದೊಡ್ಡ ತುಂಡನ್ನು ಹಾಗೆ ಅಳೆದರೆ ಕೆಲವೇ ಸೆಂಟಿಮಾರ್ಗನ್, ಹತ್ತಿರದ ನೆಂಟಸ್ತಿಕೆ ಅನ್ನೋಕೆ ಏನೂ ಸಾಲದು. ಯಾವ ಜಾಗದಲ್ಲಿ ಅದಲುಬದಲು ಎಷ್ಟು ಅಂತ ತೋರಿಸುವ ನಕ್ಷೆಯನ್ನು ಐಸ್‌ಲ್ಯಾಂಡಿನ ಡಿಕೋಡ್ ಅನ್ನೋ ಜೀನ್ ಸಂಶೋಧನಾ ಸಂಸ್ಥೆ 2002ರಿಂದಲೇ ಪ್ರಕಟಿಸುತ್ತಾ ಬಂದಿದೆ, ಗಂಡು ಹೆಣ್ಣಿಗೆ ಬೇರೆ ಬೇರೆ ಲೆಕ್ಕವೂ ಅದರಲ್ಲಿದೆ. ಇಷ್ಟು ದುಡ್ಡು ತಗೊಳ್ಳೋರು ಅದನ್ನು ಬಳಸಬೇಕಲ್ವಾ? ಕಸ್ಟಮರ್ ಕೇರ್‌ಗೆ ಬರೆದು ಕೇಳಿದೆ. ಬಂದದ್ದು ಸಿದ್ಧ ಉತ್ತರ.

ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ಸೋದರಮಾವನ ಮಗಳು, ಅಕ್ಕನ ಮಗಳು ಅಂತ ಒಳಗೊಳಗೇ ಸಂಬಂಧ ಬೆಳೆಸಿದ ಮನೆಗಳಲ್ಲಿ ಒಬ್ಬ ಹಿರಿಯರ ಡಿಎನ್ಎ ನಾಲ್ಕಾರು ದಾರಿಯಿಂದ ಬಂದು ಸೇರುತ್ತದೆ. ಒಟ್ಟು ಮೊತ್ತ ದೊಡ್ಡದಾಗಿ ಕಾಣುತ್ತದೆ, ನೆಂಟಸ್ತಿಕೆ ಮಾತ್ರ ಹಳೇದು. ಹಳೇ ನೆಂಟಸ್ತಿಕೆಯಾದರೆ ಸಾಮಾನ್ಯವಾಗಿ ಬಹಳ ಸಣ್ಣ ತುಂಡುಗಳು, ಹೊಸದಾದರೆ ಉದ್ದನೆಯವು. ತುಂಡಿನ ಉದ್ದವನ್ನೇ ಸರಿಯಾಗಿ ಅಳೆಯದಿದ್ದರೆ ಈ ವ್ಯತ್ಯಾಸ ಹೇಳೋದು ಹೇಗೆ?

5ಕ್ಕೆ 3 ಕೊಡ್ತೀನಿ. ಅಪ್ಪ ಅವ್ವ, ಅಣ್ಣ ತಮ್ಮ, ಅಕ್ಕ ತಂಗಿಯರ ಚಿತ್ರ ನೋಡೋಕೆ ಧಾರಾಳವಾಗಿ ತಗೊಳ್ಳಿ. ದೂರದ ನೆಂಟರನ್ನು ಹುಡುಕೋದೇ ಉದ್ದೇಶವಾದರೆ, ರಿಪೋರ್ಟಿನಲ್ಲಿ ಸೆಂಟಿಮಾರ್ಗನ್ ಕೊಡ್ತಾರಾ ಅಂತ ಮೊದಲೇ ಕೇಳಿ, ಆಮೇಲೆ ದುಡ್ಡು ಕಟ್ಟಿ.