ಸೀನಿಗೆಂದು ಬೆನ್ನೆಲುಬು ತೋರಿಸಿದ ಹದಿನಾಲ್ಕು ತಿಂಗಳು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಶನಿವಾರ ಮತ್ತು ಭಾನುವಾರ ಮಾತ್ರ ತೆರೆಯುವ ಒಂದು ಕೈರೋಪ್ರಾಕ್ಟಿಕ್ (ಬೆನ್ನೆಲುಬು, ಕೀಲುಗಳನ್ನು ಒತ್ತಿ ಮಾಡುವ ಚಿಕಿತ್ಸೆಯ) ಕ್ಲಿನಿಕ್ಕಿಗೆ ನಾನು, ನನ್ನ ಮಗ ಮತ್ತು ಮಗಳು 2023ರ ಅಕ್ಟೋಬರ್‌ನಿಂದ 2024ರ ನವೆಂಬರ್‌ವರೆಗೆ ಹೋಗಿಬಂದೆವು. ಮಗನಿಗೆ ಆಗ 10 ವರ್ಷ, ಮಗಳಿಗೆ 6. ನಾವು ಹೋದದ್ದು ಬೆನ್ನುನೋವಿಗಲ್ಲ, ಸೀನಿಗೆ. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಮನೆಯಲ್ಲಿ ಶುರುವಾಗುವ ಸೀನು, ಮೂಗು ಸೋರುವುದು, ಕಣ್ಣು ತುರಿಸುವುದು ಸಂಕ್ರಾಂತಿಯವರೆಗೂ ಬಿಡುವುದಿಲ್ಲ. ಅಲರ್ಜಿಗೆ ಪೂರಕ ಚಿಕಿತ್ಸೆ, ಇಡೀ ಕುಟುಂಬಕ್ಕೆ ಒಂದೇ ಪ್ಯಾಕೇಜು ಎಂಬ ಅವರ ಫಲಕವನ್ನು ಕಚೇರಿಗೆ ಹೋಗುವ ದಾರಿಯಲ್ಲಿ ದಿನವೂ ಓದುತ್ತಿದ್ದೆ.

ಮೊದಲು ಖರ್ಚಿನ ಲೆಕ್ಕವನ್ನು ಹೇಳಿಬಿಡುತ್ತೇನೆ. ಮೊದಲ ಸಮಾಲೋಚನೆಗೆ 800 ರೂಪಾಯಿ, ಮೂವರಿಗೂ ತಲಾ 12 ಸಿಟ್ಟಿಂಗುಗಳ ಪ್ಯಾಕೇಜಿಗೆ 18,000, ಅದಾದ ಮೇಲೆ ತಿಂಗಳಿಗೊಮ್ಮೆ ಬರುವ ವಾರ್ಷಿಕ ಯೋಜನೆಗೆ ಮುಂಗಡವಾಗಿ 14,400, ಒಟ್ಟು 33,200 ರೂಪಾಯಿ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ನನಗೆ ಇದು ಸಣ್ಣ ಮೊತ್ತವಲ್ಲ. ಮಗನ ಸೈಕಲ್ಲನ್ನು ಒಂದು ವರ್ಷ ಮುಂದೂಡಿ ಈ ಹಣವನ್ನು ಹೊಂದಿಸಿದೆವು.

ಕೊಟ್ಟ ಹಣಕ್ಕೆ ಸಿಕ್ಕ ಉಪಚಾರದ ಬಗ್ಗೆ ನನ್ನ ದೂರಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷದಲ್ಲಿ ಚೀಟಿ ಬರೆಸಿಕೊಂಡು ಹೊರಬಂದು ಅಭ್ಯಾಸವಿದ್ದ ನನಗೆ, ಮೊದಲ ದಿನ ಚಿಕಿತ್ಸಕರು ಮುಕ್ಕಾಲು ಗಂಟೆ ಎದುರು ಕುಳಿತು ಮಕ್ಕಳು ಯಾವ ಮಗ್ಗುಲಿಗೆ ಮಲಗುತ್ತಾರೆ, ಶಾಲೆಯ ಬ್ಯಾಗು ಎಷ್ಟು ಭಾರವಿದೆ ಎಂದೆಲ್ಲ ಕೇಳಿದ್ದೇ ಅರ್ಧ ಗುಣವಾದಂತೆ ಅನ್ನಿಸಿತ್ತು. ಮುಖ ಇಡುವ ಕಡೆ ಕಿಂಡಿಯಿರುವ ಎತ್ತರದ ಮಂಚ, ಪ್ರತಿಯೊಬ್ಬರು ಮಲಗುವ ಮೊದಲೂ ಅದರ ಮೇಲೆ ಸರ್ರನೆ ಎಳೆದು ಹಾಸುವ ಹೊಸ ಕಾಗದ, ಆ ಕಿಂಡಿಯಿಂದ ಕಾಣುವ ಚಿಕಿತ್ಸಕರ ನೀಲಿ ಕಾಲುಚೀಲ, ಇವೆಲ್ಲ ಮಗಳಿಗೆ ದೊಡ್ಡ ಮೋಜು. ಮಕ್ಕಳ ಕುತ್ತಿಗೆಯನ್ನು ಅವರು ತಿರುಚುತ್ತಿರಲಿಲ್ಲ. ಪೆನ್ನಿನಂಥ ಸ್ಪ್ರಿಂಗಿನ ಉಪಕರಣವೊಂದನ್ನು ಬೆನ್ನೆಲುಬಿನ ಪಕ್ಕದಲ್ಲಿಟ್ಟು ಟಕ್ ಟಕ್ ಎನ್ನಿಸುತ್ತಿದ್ದರು. ನನಗೆ ಮಾತ್ರ ಕೈಯಿಂದಲೇ, ನೆಟಿಗೆ ಮುರಿದಂತೆ ಸದ್ದು ಬರುವ ಚಿಕಿತ್ಸೆ. ಆ ಸದ್ದು ಮೂಳೆ ಸರಿದದ್ದರಿಂದ ಬರುವುದಲ್ಲ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಆಗುವುದು ಎಂದು ಅವರೇ ಪ್ರಾಮಾಣಿಕವಾಗಿ ಹೇಳಿದರು. ನಾಲ್ಕನೆಯ ಭಾನುವಾರದ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕುಳಿತು ಬಿಗಿದುಕೊಂಡಿದ್ದ ನನ್ನ ಕುತ್ತಿಗೆ ಎಷ್ಟು ಹಗುರವಾಯಿತೆಂದರೆ, ಸ್ಕೂಟರ್ ಓಡಿಸುವಾಗ ಹಿಂದಿನ ವಾಹನವನ್ನು ಮೈ ತಿರುಗಿಸದೆ ನೋಡಲು ಸಾಧ್ಯವಾಯಿತು. ಸಿಟ್ಟಿಂಗ್ ಮುಗಿಸಿ ಕ್ಯಾತ್ಸಂದ್ರಕ್ಕೆ ಹೋಗಿ ಬಿಸಿ ತಟ್ಟೆ ಇಡ್ಲಿ ತಿಂದು ಮನೆಗೆ ಬರುವುದು ನಮ್ಮ ಭಾನುವಾರದ ವ್ರತವೇ ಆಗಿತ್ತು.

ನಮ್ಮ ಅತ್ತೆಯವರು ಮಾತ್ರ ಮೊದಲ ದಿನವೇ, "ನೆಟಿಗೆ ಮುರುದ್ರೆ ದೃಷ್ಟಿ ಹೋಗ್ತದೆ ಕಣಮ್ಮ, ಶೀತ ಹೋಗ್ತದಾ?" ಎಂದಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ.

ಕ್ಲಿನಿಕ್ಕಿನವರು ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ನೂರು ಪುಟದ ನೋಟ್‌ಪುಸ್ತಕ. ಬೆಳಗ್ಗೆ ಎದ್ದು ಹಾಲು ಕುಡಿಯುವ ಮೊದಲು ಎಷ್ಟು ಸೀನು, ರಾತ್ರಿ ಮೂಗು ಕಟ್ಟಿತ್ತೇ, ಅಲರ್ಜಿಯ ಮಾತ್ರೆ ಕೊಟ್ಟಿರಾ ಎಂದು ಮೂರು ಕಾಲಮುಗಳು. ಮಗಳು ಅಣ್ಣನ ಹಾಸಿಗೆಯ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕಾದು ಕುಳಿತು, ಒಂದೊಂದು ಸೀನಿಗೆ ಒಂದೊಂದು ಗೆರೆ ಎಳೆದು, ಐದನೆಯದನ್ನು ಅಡ್ಡ ಹೊಡೆಯುತ್ತಿದ್ದಳು. ಅಣ್ಣನಿಗೆ ಸೀನು ಬಂದೂ ಬಾರದಂತೆ ನಿಂತರೆ ಅರ್ಧ ಗೆರೆ. ಒಂದು ದಿನವೂ ತಪ್ಪಿಸಲಿಲ್ಲ.

2024ರ ಜನವರಿ ಕೊನೆಯ ವಾರದಲ್ಲಿ ಆ ಪುಸ್ತಕದಲ್ಲಿ ಸೀನಿನ ಗೆರೆಗಳು ಬಹುತೇಕ ನಿಂತುಹೋದವು. ಕ್ಲಿನಿಕ್ಕಿನಲ್ಲಿ ಅದನ್ನು ತಿರುವಿ ನೋಡಿದ ಸಿಬ್ಬಂದಿ, ಬೆನ್ನೆಲುಬು ನೆಟ್ಟಗಾಗಿ ನರಗಳ ಮೇಲಿನ ಒತ್ತಡ ಇಳಿದಿದೆ, ಇನ್ನು ಮಾತ್ರೆಗಳು ಬೇಡ, ಮುಂದೆ ಸ್ವಲ್ಪ ಸೀನು ಬಂದರೂ ದೇಹ ತಾನೇ ಸರಿಪಡಿಸಿಕೊಳ್ಳಲಿ ಎಂದರು. ಚಿಕಿತ್ಸಕರು ಅಲ್ಲಿಯೇ ಇದ್ದರು, ಬೇಡವೆನ್ನಲಿಲ್ಲ. ಪ್ರತಿ ವರ್ಷವೂ ಸಂಕ್ರಾಂತಿಗೆ ಸೀನು ತಾನಾಗಿಯೇ ನಿಲ್ಲುತ್ತಿತ್ತೆಂಬುದು ನನಗೆ ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲ. ನನ್ನ ಇಡೀ ತಕರಾರು ಇರುವುದು ಇಲ್ಲಿ. ಕಾಲಕ್ಕೆ ತಕ್ಕಂತೆ ಬಂದು ಹೋಗುವ ಕಾಯಿಲೆಗೆ ಮೂರು ತಿಂಗಳ ಪ್ಯಾಕೇಜು ಮಾರಿದರೆ, ಪ್ಯಾಕೇಜು ಮುಗಿಯುವಷ್ಟರಲ್ಲಿ ಕಾಲವೂ ಮುಗಿದಿರುತ್ತದೆ.

ಸೆಪ್ಟೆಂಬರ್ ಬಂತು. ನಮ್ಮ ಪಕ್ಕದ ಖಾಲಿ ನಿವೇಶನದಲ್ಲಿ ಎದೆಯೆತ್ತರಕ್ಕೆ ಬೆಳೆದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಬಿಳಿ ಹೂ ಬಿಟ್ಟಿತು. ಹನ್ನೊಂದು ತಿಂಗಳು ಬಿಡದೆ ಬೆನ್ನೆಲುಬು ಒತ್ತಿಸಿಕೊಂಡು ಬಂದಿದ್ದ ಮೂವರೂ ಮತ್ತೆ ಸೀನತೊಡಗಿದೆವು. ಕೇಳಿದರೆ ಇದು ದೇಹ ಶುದ್ಧಿಯಾಗುವ ಲಕ್ಷಣ, ಆರು ವಾರ ತಡೆಯಿರಿ ಎಂಬ ಉತ್ತರ. ತಡೆದೆವು. ಡಿಸೆಂಬರ್ ಮೊದಲ ವಾರ ಕೊರಟಗೆರೆ ಕಡೆಯ ನಮ್ಮ ಊರಿನಲ್ಲಿ ರಾಗಿ ಒಕ್ಕಣೆ. ಹಿಂದಿನ ವರ್ಷ ಆ ಹೊತ್ತಿನಲ್ಲಿ ಪರೀಕ್ಷೆಯೆಂದು ಹೋಗಿರಲಿಲ್ಲ. ಮಗ ಇಡೀ ಮಧ್ಯಾಹ್ನ ಕಣದಲ್ಲಿ, ರಾಗಿ ತೂರುವವರ ಕೆಳಗಾಳಿಗೆ ನಿಂತು ಆಡಿದ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಎರಡೂ ಕೈಗಳನ್ನು ಮಂಚಕ್ಕೆ ಊರಿಕೊಂಡಿದ್ದ. ಪಕ್ಕೆಯ ಎಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿತ್ತು, ಉಸಿರು ಬಿಡುವಾಗ ಕೊಳಲಿನಂಥ ಸೀಟಿ. ಪಕ್ಕದ ಮನೆಯವರ ಓಮ್ನಿಯಲ್ಲಿ ಆಸ್ಪತ್ರೆಗೆ ಒಯ್ದು ನೆಬ್ಯುಲೈಸರ್ ಹಾಕಿಸಿದ ಮೇಲೆ ನಸುಕಿನಲ್ಲಿ ಮಲಗಿದ.

ಅನಂತರ ತೋರಿಸಿದ ಅಲರ್ಜಿ ತಜ್ಞರು ಮಗನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸೂಜಿಮೊನೆಯಿಂದ ಚುಚ್ಚಿ, ಕಾಲು ಗಂಟೆ ಕಾಯಿಸಿದರು. ಪಾರ್ಥೇನಿಯಂ ಪರಾಗದ ಹನಿಯ ಜಾಗವೂ ದೂಳಿನ ನುಸಿಯ ಹನಿಯ ಜಾಗವೂ ಸೊಳ್ಳೆ ಕಚ್ಚಿದಂತೆ ಊದಿಕೊಂಡವು. ಈ ವಸ್ತುಗಳಿಗೆ ದೇಹ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಂಡಿರುತ್ತದೆ, ಮೂಗಿನ ಒಳಪೊರೆಯ ಮಾಸ್ಟ್ ಕೋಶಗಳು ಅದರ ಮೂಲಕ ಪರಾಗವನ್ನು ಗುರುತಿಸಿ ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ, ಸೀನು ಬರುವುದು ಹೀಗೆ ಎಂದು ಅವರು ವಿವರಿಸಿದರು. ಆ ವಿವರಣೆಯಲ್ಲಿ ಬೆನ್ನೆಲುಬು ಎಲ್ಲಿಯೂ ಬರಲಿಲ್ಲ. ನಾನು ಸಂಕೋಚದಿಂದಲೇ ನೋಟ್‌ಪುಸ್ತಕವನ್ನು ಮುಂದಿಟ್ಟೆ. ಅವರು ಮೊದಲು ನೋಡಿದ್ದು ಮೂರನೆಯ ಕಾಲಮನ್ನು, ಮಾತ್ರೆ ಕೊಟ್ಟ ದಿನಗಳನ್ನು.

ಮನೆಗೆ ಬಂದು ನಾನೇ ಕುಳಿತು ಕೂಡಿದೆ. 2023ರ ಅಕ್ಟೋಬರ್‌ನ 31 ದಿನಗಳಲ್ಲಿ 22 ದಿನ ಲಿವೊಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ಕೊಟ್ಟಿದ್ದೆವು. ಆ ದಿನಗಳಲ್ಲಿ ಮಗನಿಗೆ ಬೆಳಗಿನ ಸೀನು ಸರಾಸರಿ 6. ಮಾತ್ರೆ ಕೊಡದ ಉಳಿದ 9 ದಿನಗಳಲ್ಲಿ ಸರಾಸರಿ 13. ಒಂದು ವರ್ಷದ ಚಿಕಿತ್ಸೆಯ ನಂತರ, ಒಂದೂ ಮಾತ್ರೆ ಕೊಡದ 2024ರ ಅಕ್ಟೋಬರ್‌ನಲ್ಲಿ ಸರಾಸರಿ 14. ಹದಿನೆಂಟು ವರ್ಷ ಲೆಕ್ಕ ಬರೆದವಳು ಈ ಕೂಡುವಿಕೆಯನ್ನು ಇಷ್ಟು ತಡವಾಗಿ ಮಾಡಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ಓದಿ ತಿಳಿದದ್ದನ್ನೂ ಸೇರಿಸುತ್ತೇನೆ. ಕೈರೋಪ್ರಾಕ್ಟಿಕ್ ಪದ್ಧತಿ 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬುವರಿಂದ ಆರಂಭವಾಯಿತು. ಬಹುತೇಕ ಎಲ್ಲ ರೋಗಗಳಿಗೂ ಸರಿದ ಬೆನ್ನುಮೂಳೆಯೇ ಕಾರಣವೆಂಬುದು ಅವರ ನಂಬಿಕೆಯಾಗಿತ್ತು. ಆಸ್ತಮಾ ಇರುವ ಮಕ್ಕಳ ಮೇಲೆ ನಡೆದ ಒಂದು ಪರೀಕ್ಷೆಯ ವರದಿ 1998ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿದೆ. ಕೆಲವರಿಗೆ ನಿಜವಾದ ಕೈರೋಪ್ರಾಕ್ಟಿಕ್, ಉಳಿದವರಿಗೆ ಅದರಂತೆಯೇ ಕಾಣುವ ತೋರಿಕೆಯ ಚಿಕಿತ್ಸೆ. ನಾಲ್ಕು ತಿಂಗಳ ನಂತರ ಎರಡೂ ಗುಂಪಿನವರ ತೊಂದರೆ ಸ್ವಲ್ಪ ಇಳಿದಿತ್ತು, ಆದರೆ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಅಂದರೆ ನಮಗೆ ಹಿತವೆನಿಸಿದ್ದು ಸುಳ್ಳಲ್ಲ, ಆ ಹಿತ ಟಕ್ ಟಕ್ ಎನ್ನುವ ಉಪಕರಣದಿಂದ ಬಂದದ್ದಲ್ಲ ಅಷ್ಟೇ.

ಈಗ ಮಕ್ಕಳಿಗೆ ವೈದ್ಯರು ಹೇಳಿದ ಫ್ಲುಟಿಕಾಸೋನ್ ಮೂಗಿನ ಸ್ಪ್ರೇ ಬಳಸುತ್ತಿದ್ದೇವೆ. ಸೀನು ಬಂದಾಗ ಹೊಡೆದು ಬಿಡುವ ಔಷಧ ಇದಲ್ಲ. ದಿನವೂ ಹಾಕಬೇಕು, ಪೂರ್ಣ ಫಲಕ್ಕೆ ಕೆಲವು ದಿನ ಕಾಯಬೇಕು. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿದರೆ ಅದರ ಮೂತಿ ಮೂಗಿನ ನಡುಗೋಡೆಗೆ ತಾಗದೆ ಹೊರಮಗ್ಗುಲಿಗೆ ತಿರುಗುತ್ತದೆ. ಇಲ್ಲದಿದ್ದರೆ ನಡುಗೋಡೆ ಒಣಗಿ ರಕ್ತ ಒಸರಬಹುದು. ದಿಂಬು, ಹೊದಿಕೆಗಳನ್ನು ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಒಗೆಯುತ್ತೇವೆ. ಪಕ್ಕದ ನಿವೇಶನದ ಗಿಡಗಳನ್ನು ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಸಡಿಲವಾದ ದಿನ, ನಮ್ಮ ಯಜಮಾನರು ಕೈಗವಸು ತೊಟ್ಟು ಬೇರುಸಹಿತ ಕೀಳುತ್ತಾರೆ.

ಸ್ಪ್ರೇ ಶುರುವಾದ ಮೊದಲ ತಿಂಗಳೇ ಸೀನು ಇಳಿಯಿತು, ಆದರೆ ಅದೂ ಸಂಕ್ರಾಂತಿಯ ಹೊತ್ತೇ. ಅದೇ ತಪ್ಪನ್ನು ಎರಡನೆಯ ಸಲ ಮಾಡಬಾರದೆಂದು 2025ರ ಅಕ್ಟೋಬರ್ ಕಳೆಯುವವರೆಗೂ ಈ ವಿಮರ್ಶೆಯನ್ನು ಬರೆಯಲಿಲ್ಲ. ಆ ತಿಂಗಳ ಸರಾಸರಿ 3. ಇದರಲ್ಲಿ ಸ್ಪ್ರೇಯ ಪಾಲೆಷ್ಟು, ಗಿಡ ಕಿತ್ತದ್ದರ ಪಾಲೆಷ್ಟು ಎಂದು ನನ್ನ ಪುಸ್ತಕದಿಂದ ಬಿಡಿಸಿ ಹೇಳಲಾಗದು.

ಕುತ್ತಿಗೆ, ಸೊಂಟದ ನೋವಿಗೆ ಈ ಕ್ಲಿನಿಕ್ಕಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕುತ್ತಿಗೆಯನ್ನು ಜೋರಾಗಿ ತಿರುಗಿಸುವುದರಿಂದ, ಬಹಳ ಅಪರೂಪಕ್ಕಾದರೂ, ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗುವ ಅಪಾಯವಿದೆಯೆಂದು ತಿಳಿದ ಮೇಲೆ ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಮಾಡಿಸಿಕೊಳ್ಳಿ ಎಂದು ಹೇಳಬಲ್ಲೆ. ಮಕ್ಕಳ ಅಲರ್ಜಿಗೆ ಸೊನ್ನೆ. ಮಾತ್ರೆ ನಿಲ್ಲಿಸಿ ಎಂದದ್ದಕ್ಕೆ ಅಂಕವಿಲ್ಲ, ಸಿಟ್ಟು ಮಾತ್ರ ಇದೆ. ಮುಂಗಡ ಕೊಟ್ಟಿದ್ದ ಡಿಸೆಂಬರ್ ತಿಂಗಳ 1,200 ರೂಪಾಯಿಯನ್ನು ಹಿಂದಕ್ಕೆ ಕೇಳಿದಾಗ ಮುಂದಿನ ಪ್ಯಾಕೇಜಿನಲ್ಲಿ ಹೊಂದಿಸಿಕೊಳ್ಳುತ್ತೇವೆ ಎಂದರು. ಮುಂದಿನ ಪ್ಯಾಕೇಜು ಇಲ್ಲವೆಂದು ಎರಡು ಸಲ ಹೇಳಿದ್ದೇನೆ, ಹಣ ಇನ್ನೂ ಬಂದಿಲ್ಲ.