ಲೋಹದ ಗುರುತು ಹಚ್ಚಿ ಕಿಣ್ವದ ಚಟುವಟಿಕೆ ಅಳೆಯುವುದು: ದೀರ್ಘ ಬಳಕೆಯ ನಂತರದ ವಿಮರ್ಶೆ

ಲ್ಯಾಂಥನೈಡ್ (ಅಪರೂಪದ ಭಸ್ಮಧಾತುಗಳ ಗುಂಪಿನ ಲೋಹ) ಗುರುತಿರುವ ಪೆಪ್ಟೈಡುಗಳ, ಅಂದರೆ ಅಮೈನೊ ಆಮ್ಲಗಳ ಚಿಕ್ಕ ಸರಪಳಿಗಳ, ಸಿದ್ಧ ಕಿಟ್ ಮತ್ತು ಮಾದರಿಯನ್ನು ಅತಿ ಬಿಸಿಯಾದ ಆರ್ಗಾನ್ ಪ್ಲಾಸ್ಮಾದಲ್ಲಿ ಅಯಾನುಗಳಾಗಿಸಿ ದ್ರವ್ಯರಾಶಿಯ ಪ್ರಕಾರ ಎಣಿಸುವ ಐಸಿಪಿ-ಎಂಎಸ್ ಯಂತ್ರ, ಇವೆರಡರ ಜೋಡಿಯನ್ನು ನಾನು ಪ್ರೋಟೀನುಗಳನ್ನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳ ಕೆಲಸಕ್ಕಾಗಿ ಬಹುಕಾಲದಿಂದ ಬಳಸುತ್ತಿದ್ದೇನೆ. ಇದರ ಸೂಕ್ಷ್ಮತೆಯನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನನ್ನು ಹಿಡಿದಿಟ್ಟುಕೊಂಡದ್ದು ಅದಲ್ಲ, ಲೆಕ್ಕದ ನೇರತನ. ಪೆಪ್ಟೈಡಿನ ಒಂದು ತುದಿ ಬಯೋಟಿನ್ ಎಂಬ ಅಣುವಿನ ಮೂಲಕ, ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಲೇಪಿಸಿದ ಕಾಂತೀಯ ಮಣಿಗೆ ಅಂಟಿರುತ್ತದೆ, ಇನ್ನೊಂದು ತುದಿಯಲ್ಲಿ ಡೋಟಾ ಎಂಬ ಕೀಲೇಟರ್ (ಲೋಹವನ್ನು ಬಿಗಿಯಾಗಿ ಹಿಡಿದಿಡುವ ಅಣು) ಒಂದೇ ಒಂದು ಲೋಹದ ಅಯಾನನ್ನು ಹಿಡಿದುಕೊಂಡಿರುತ್ತದೆ. ಕಿಣ್ವವು ನಡುವೆ ಕತ್ತರಿಸಿದಾಗ ಲೋಹವಿರುವ ತುಂಡು ದ್ರವಕ್ಕೆ ಬಂದು ಸೇರುತ್ತದೆ. ಒಂದು ಕಡಿತಕ್ಕೆ ಒಂದು ಪರಮಾಣು ಎಂಬ ಈ ಸರಳ ಅನುಪಾತದಿಂದಾಗಿ, ಯಾವ ಪೆಪ್ಟೈಡ್, ಯಾವ ಬಫರ್ ಎಂಬುದನ್ನು ಲೆಕ್ಕಿಸದೆ, ಆ ಲೋಹದ ಸಾಮಾನ್ಯ ಪ್ರಮಾಣದ್ರಾವಣವೊಂದರಿಂದಲೇ ಉತ್ಪನ್ನವನ್ನು ಮೋಲುಗಳಲ್ಲಿ ಹೇಳಬಹುದು: ಲೀಟರಿಗೆ 1 ಮೈಕ್ರೋಗ್ರಾಂ ಟರ್ಬಿಯಂ ಕಂಡರೆ ಸುಮಾರು 6.3 ನ್ಯಾನೊಮೋಲಾರ್ ಉತ್ಪನ್ನ ಹುಟ್ಟಿದೆ ಎಂದೇ ಅರ್ಥ. ಕಿಣ್ವ ಕತ್ತರಿಸಿದಾಗ ಬೆಳಕು ಸೂಸುವ ಪ್ರತಿದೀಪ್ತಿಯ ಸಬ್‌ಸ್ಟ್ರೇಟುಗಳೊಂದಿಗೆ ದುಡಿದವರಿಗೆ, ಬಫರ್ ಬದಲಾದಾಗಲೆಲ್ಲ ಹೊಸದಾಗಿ ಪ್ರಮಾಣರೇಖೆ ಎಳೆದವರಿಗೆ, ಪರೀಕ್ಷಿಸುತ್ತಿರುವ, ಕಿಣ್ವವನ್ನು ತಡೆಯುವ ಪ್ರತಿಬಂಧಕವೇ ಬಣ್ಣದ್ದಾಗಿ ಬೆಳಕನ್ನು ನುಂಗಿಹಾಕಿದ್ದನ್ನು ಕಂಡವರಿಗೆ ಇದು ಎಂಥ ಬಿಡುಗಡೆ ಎಂದು ವಿವರಿಸಬೇಕಾಗಿಲ್ಲ.

ಕೆಲಸದ ದಿನ ಆರಂಭವಾಗುವುದು ಯಂತ್ರದ ಮುಂದೆ. ಪಂಪಿನ ಕೊಳವೆಗಳನ್ನು ಬೆರಳಿನಿಂದ ಒತ್ತಿ, ಚಪ್ಪಟೆಯಾಗಿದ್ದರೆ ಬದಲಿಸಿ, ಕ್ಲ್ಯಾಂಪುಗಳನ್ನು ಬಿಗಿದು ಪ್ಲಾಸ್ಮಾ ಹೊತ್ತಿಸಿದ ಮೇಲೆ ಅದು ಸ್ಥಿರಗೊಳ್ಳುವವರೆಗೂ ಬೇರೇನನ್ನೂ ಅಳೆಯದೆ ಶೇಕಡ 2ರ ನೈಟ್ರಿಕ್ ಆಮ್ಲವನ್ನಷ್ಟೇ ಹರಿಸುತ್ತೇನೆ. ಆ ಬಳಿಕ ಸೀರಿಯಂ ಇರುವ ಟ್ಯೂನಿಂಗ್ ದ್ರಾವಣ. ಲೋಹ ಪ್ಲಾಸ್ಮಾದಲ್ಲಿ ಆಮ್ಲಜನಕವನ್ನು ಎಷ್ಟು ಕಟ್ಟಿಕೊಳ್ಳುತ್ತಿದೆ ಎಂದು ತೋರಿಸುವ ಸೀರಿಯಂ ಆಕ್ಸೈಡಿನ ಪಾಲು ಶೇಕಡ 2ಕ್ಕಿಂತ ಕೆಳಗಿಳಿಯದಿದ್ದರೆ ಮಾದರಿಗಳನ್ನು ಮುಟ್ಟುವುದೇ ಇಲ್ಲ. ಗಾಜಿನ ಪಾತ್ರೆಗಳಿಗೆ ಈ ಮೇಜಿನ ಮೇಲೆ ಜಾಗವಿಲ್ಲ, ಎಲ್ಲವೂ ಆಮ್ಲದಲ್ಲಿ ನೆನೆಸಿ ತೊಳೆದ ಪ್ಲಾಸ್ಟಿಕ್. ಸಂಜೆ ಪ್ಲಾಸ್ಮಾ ಆರಿಸಿದ ಮೇಲೆ ಕ್ಲ್ಯಾಂಪುಗಳನ್ನು ಸಡಿಲಿಸಿಯೇ ಹೊರಡುವುದು, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಕೊಳವೆಗಳು ಅಮುಕಿ ಹೋಗಿರುತ್ತವೆ. ಇಷ್ಟನ್ನೂ ಬೇಸರವಿಲ್ಲದೆ ಮಾಡುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟಪಟ್ಟೇ ಮಾಡುತ್ತೇನೆ.

ಲೋಹಗಳ ಆಯ್ಕೆಯಲ್ಲೂ ಒಂದು ಸೊಗಸಿದೆ. ನಾನು ಬಳಸುವ ಪ್ರೇಸಿಯೋಡಿಮಿಯಂ, ಟರ್ಬಿಯಂ, ಹೋಲ್ಮಿಯಂ, ಥೂಲಿಯಂ ಈ ನಾಲ್ಕಕ್ಕೂ ಪ್ರಕೃತಿಯಲ್ಲಿ ಒಂದೊಂದೇ ಐಸೊಟೋಪ್, ದ್ರವ್ಯರಾಶಿ ಸಂಖ್ಯೆ ಕ್ರಮವಾಗಿ 141, 159, 165 ಮತ್ತು 169. ಪ್ಲಾಸ್ಮಾದಲ್ಲಿ ಇವು ಆಮ್ಲಜನಕವನ್ನು ಕಟ್ಟಿಕೊಂಡರೆ 157, 175, 181 ಮತ್ತು 185ರಲ್ಲಿ ಕಾಣಿಸಿಕೊಳ್ಳುತ್ತವೆಯೇ ಹೊರತು ಒಂದು ಇನ್ನೊಂದರ ಜಾಗವನ್ನು ತುಳಿಯುವುದಿಲ್ಲ. ಕಿಟ್ಟಿನಲ್ಲಿ ಕೊಟ್ಟಿದ್ದ ಲುಟೀಶಿಯಂ ಪೆಪ್ಟೈಡನ್ನು ನಾನು ಪಕ್ಕಕ್ಕಿಟ್ಟಿರುವುದು ಟರ್ಬಿಯಂ ಆಕ್ಸೈಡ್ ನೇರವಾಗಿ ಅದರ 175ರ ಮೇಲೆಯೇ ಕೂರುತ್ತದೆ ಎಂಬ ಕಾರಣಕ್ಕೆ. ಯೂರೋಪಿಯಂ ಕೂಡ ನನಗೆ ಬೇಡ, ಏಕೆಂದರೆ ಎಲ್ಲೆಲ್ಲಿಂದಲೋ ನುಸುಳುವ ಬೇರಿಯಂನ ಆಕ್ಸೈಡ್ 151 ಮತ್ತು 153ರಲ್ಲಿ ಅದರ ವೇಷ ಹಾಕುತ್ತದೆ. ರೋಗಿಗಳ ರಕ್ತದ ಮಾದರಿಯೊಂದಿಗೆ ಕೆಲಸ ಮಾಡುವವರು ಗ್ಯಾಡೊಲಿನಿಯಂನಿಂದಲೂ ದೂರವಿರುವುದು ಲೇಸು. ಎಂಆರ್‌ಐ ಪರೀಕ್ಷೆಗೆ ಮುನ್ನ ಕೊಡುವ ಕಾಂಟ್ರಾಸ್ಟ್ ಮದ್ದಿನಲ್ಲಿ ಇರುವುದು ಅದೇ ಲೋಹ.

ಇಷ್ಟೆಲ್ಲ ಮೆಚ್ಚಿದ ಮೇಲೆ ಖಾಲಿ ನಳಿಕೆಯ ವಿಷಯಕ್ಕೆ ಬರಬೇಕು. ಕಿಣ್ವವನ್ನೇ ಹಾಕದ ನಳಿಕೆಯ ದ್ರವದಲ್ಲಿ ಲೋಹ ಇರಬಾರದು. ಆದರೆ ಇದ್ದೇ ಇರುತ್ತದೆ. ಯಂತ್ರವು ಲೀಟರಿಗೆ ಒಂದು ನ್ಯಾನೊಗ್ರಾಂಗಿಂತ ಕಡಿಮೆ ಲ್ಯಾಂಥನೈಡನ್ನೂ ಕಾಣಬಲ್ಲದು ಎಂದು ಕಿಟ್ಟಿನ ಕೈಪಿಡಿ ಹೆಮ್ಮೆಯಿಂದ ಹೇಳುತ್ತದೆ, ಆ ಮಾತು ಸುಳ್ಳೂ ಅಲ್ಲ. ಆದರೆ ಮಣಿಗಳಿಂದ ತಾನಾಗಿಯೇ ಜಿನುಗುವ ಲೋಹ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವಾಗ ಆ ಹೆಮ್ಮೆ ಸೋರುವ ನಲ್ಲಿಯ ಕೆಳಗೆ ಮಳೆಮಾಪಕ ಇಟ್ಟಂತೆಯೇ ಸರಿ. ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ನಡುವಿನ ಬಂಧವನ್ನು ದೂರುವಂತಿಲ್ಲ, ಅದು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಮಣಿಯ ಮೈಗೆ ಸುಮ್ಮನೆ ಮೆತ್ತಿಕೊಂಡ ಪೆಪ್ಟೈಡ್ ಮತ್ತು ಡೋಟಾದೊಳಗೆ ಸೇರದೆ ಉಳಿದ ಬಿಡಿ ಲೋಹ ನಿಧಾನವಾಗಿ ಕಳಚಿಕೊಳ್ಳುತ್ತವೆ. ಖಾಲಿ ನಳಿಕೆಯ ಮಟ್ಟ ಎತ್ತರವಾಗಿದ್ದರೂ ಪ್ರತಿ ಬಾರಿ ಒಂದೇ ಆಗಿದ್ದಿದ್ದರೆ ಕಳೆದುಹಾಕಿ ಮುಂದೆ ಹೋಗಬಹುದಿತ್ತು. ಪತ್ತೆಯ ಮಿತಿಯನ್ನು, ಅಂದರೆ ನಂಬಿ ಹೇಳಬಹುದಾದ ಅತಿ ಕಡಿಮೆ ಪ್ರಮಾಣವನ್ನು, ನಿರ್ಧರಿಸುವುದು ಆ ಮಟ್ಟದ ಏರಿಳಿತ, ಅಂದರೆ ಅದರ ಪ್ರಮಾಣ ವಿಚಲನೆಯ ಮೂರು ಪಟ್ಟು. ನನ್ನ ಮಣಿಗಳಲ್ಲಿ ಆ ಮಟ್ಟ ಮಣಿಗಳ ಒಂದು ಕಂತಿನಿಂದ ಇನ್ನೊಂದು ಕಂತಿಗೆ, ಕೆಲವೊಮ್ಮೆ ನಳಿಕೆಯಿಂದ ನಳಿಕೆಗೆ ಬೇರೆಯಾಗುತ್ತಿತ್ತು.

ಕೈಪಿಡಿಯ ಪರಿಹಾರವೆಂದರೆ ಲೋಹದ ಅಯಾನುಗಳನ್ನು ಹಿಡಿದೊಯ್ಯುವ ಇಡಿಟಿಎ ದ್ರಾವಣದಿಂದ ತೊಳೆಯುವುದು. ಟ್ರಿಪ್ಸಿನ್‌ನಂಥ ಸೀರೀನ್ ಪ್ರೋಟಿಯೇಸುಗಳ ಮಟ್ಟಿಗೆ ಅದು ಸಾಕು. ಆದರೆ ನನ್ನ ಆಸಕ್ತಿ ಇರುವುದು ಎಂಎಂಪಿಗಳಲ್ಲಿ, ಅಂದರೆ ಮ್ಯಾಟ್ರಿಕ್ಸ್ ಮೆಟಲೊಪ್ರೋಟಿಯೇಸ್ ಎಂಬ ಲೋಹಾವಲಂಬಿ ಕಿಣ್ವಗಳಲ್ಲಿ. ಅವುಗಳ ಕ್ರಿಯಾಕೇಂದ್ರದಲ್ಲಿ ಸತುವಿದೆ, ರಚನೆ ನಿಲ್ಲಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಉಳಿದುಕೊಂಡರೆ ಅವು ಸಾಯುತ್ತವೆ. ಬಿಡಿ ಲೋಹವನ್ನು ಹೊರಹಾಕಲು ತಂದ ಮದ್ದೇ ಅಳೆಯಬೇಕಾದ ಕಿಣ್ವವನ್ನು ಕೊಲ್ಲುವ ಈ ಇಕ್ಕಟ್ಟಿನ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ, ಇದು ನನ್ನ ದೊಡ್ಡ ತಕರಾರು. ಇಡಿಟಿಎ ತೊಳೆತದ ನಂತರ ಕ್ಯಾಲ್ಸಿಯಂ ಬಫರಿನಲ್ಲಿ ಮತ್ತೆ ಮತ್ತೆ ತೊಳೆದು, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಿಗ್ಗೆ ಆ ಬಫರನ್ನು ಚೆಲ್ಲಿದ ಮೇಲಷ್ಟೇ ಪ್ರಯೋಗಕ್ಕೆ ಇಳಿಯುವುದು ಈಗ ನನ್ನ ಕ್ರಮ.

ಕೋಪ ತಣಿದದ್ದು ಥೂಲಿಯಂನಿಂದ. ಕಡಿತದ ಜಾಗದಲ್ಲಿ ಡಿ-ಅಮೈನೊ ಆಮ್ಲಗಳಿರುವ (ಸಾಮಾನ್ಯ ಅಮೈನೊ ಆಮ್ಲಗಳ ಕನ್ನಡಿ ಬಿಂಬದಂಥ ರೂಪಗಳಿರುವ), ಉಳಿದಂತೆ ಅದೇ ಅನುಕ್ರಮದ ಪೆಪ್ಟೈಡೊಂದನ್ನು ಪ್ರತ್ಯೇಕವಾಗಿ ತಯಾರಿಸಿಕೊಂಡು, ಅದಕ್ಕೆ ಥೂಲಿಯಂ ಗುರುತು ಹಚ್ಚಿ, ಟರ್ಬಿಯಂ ಪೆಪ್ಟೈಡಿನೊಂದಿಗೆ ಒಂದೇ ಮಣಿಗಳ ಮೇಲೆ ಕೂರಿಸಿದೆ. ಕಿಣ್ವ ಅದನ್ನು ಕತ್ತರಿಸಲಾರದು. ಆದ್ದರಿಂದ ದ್ರವದಲ್ಲಿ ಕಂಡ ಥೂಲಿಯಂ ಅಷ್ಟೂ ಸೋರಿಕೆಯೇ. ಲ್ಯಾಂಥನೈಡುಗಳು ರಾಸಾಯನಿಕವಾಗಿ ಒಂದನ್ನೊಂದು ಬಹುಮಟ್ಟಿಗೆ ಹೋಲುವುದರಿಂದಲೂ ಎರಡೂ ಪೆಪ್ಟೈಡುಗಳ ವಿದ್ಯುದಂಶ ಒಂದೇ ಆಗಿರುವುದರಿಂದಲೂ ಟರ್ಬಿಯಂ ಪೆಪ್ಟೈಡ್ ಕೂಡ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಸೋರುತ್ತದೆ. ಪಕ್ಕದ ಖಾಲಿ ನಳಿಕೆಯನ್ನು ನೋಡಿ ಊಹಿಸುವ ಬದಲು ಪ್ರತಿ ನಳಿಕೆಯ ಸೋರಿಕೆಯನ್ನು ಅದೇ ನಳಿಕೆಯೊಳಗೆ ಅಳೆದು ಕಳೆಯುವುದು ಸಾಧ್ಯವಾಯಿತು. ಬೆಳಕಿನ ಬಣ್ಣಗಳು ಒಂದರೊಳಗೊಂದು ಹರಿದುಹೋಗುವ ವಿಧಾನದಲ್ಲಿ ಹೀಗೆ ಮಾಡುವುದು ಬಹಳ ಕಷ್ಟ.

ಆದರೂ ಎಲ್ಲರಿಗೂ ಇದನ್ನು ಕೊಳ್ಳಿ ಎನ್ನಲಾರೆ. ಕ್ರಿಯೆ ನಡೆಯುತ್ತಿರುವಂತೆಯೇ ರೇಖೆ ಏರುವುದನ್ನು ನೋಡುವ ಸುಖ ಇಲ್ಲಿಲ್ಲ. ಪ್ರತಿ ಕಾಲಬಿಂದುವಿಗೂ ಬೇರೆ ನಳಿಕೆ ಬೇಕು. ಅಯಸ್ಕಾಂತದಿಂದ ಮಣಿಗಳನ್ನು ಎಳೆದ ಕ್ಷಣವೇ ಕಡಿತದ ಲೆಕ್ಕ ನಿಲ್ಲುವುದರಿಂದ ಪ್ರತಿಬಂಧಕ ಸೇರಿಸುವ ಗೊಡವೆಯಿಲ್ಲ ಎಂಬುದಷ್ಟೇ ಸಮಾಧಾನ. ಆಮ್ಲವನ್ನು ಮಾತ್ರ ಮಣಿಗಳನ್ನು ತೆಗೆದ ನಂತರವೇ ಹಾಕಬೇಕು. ಮಣಿಗೆ ಕಟ್ಟಿದ, ಪಕ್ಕದಲ್ಲಿ ಡೋಟಾದ ಭಾರ ಹೊತ್ತ ಪೆಪ್ಟೈಡಿನಿಂದ ಪಡೆದ ಕೆಎಂ ಬೆಲೆಯನ್ನು (ಕಿಣ್ವದ ವೇಗ ಗರಿಷ್ಠದ ಅರ್ಧಕ್ಕೆ ತಲುಪುವ ಸಬ್‌ಸ್ಟ್ರೇಟ್ ಸಾಂದ್ರತೆಯನ್ನು) ದ್ರಾವಣದಲ್ಲಿ ಅಳೆದ ಬೆಲೆಯ ಪಕ್ಕದಲ್ಲಿಟ್ಟು ವಾದಿಸುವುದೂ ಸಲ್ಲದು. ಪ್ಲಾಸ್ಮಾ ನಿಮಿಷಕ್ಕೆ 15ರಿಂದ 20 ಲೀಟರ್ ಆರ್ಗಾನ್ ಕುಡಿಯುವುದರಿಂದ ನಾಲ್ಕಾರು ಮಾದರಿಗಳಿಗಾಗಿ ಅದನ್ನು ಹೊತ್ತಿಸಲು ನನ್ನ ಅನುದಾನ ಒಪ್ಪುವುದಿಲ್ಲ; ಆಮ್ಲದಲ್ಲಿಟ್ಟ ಲೋಹ ಬಣ್ಣಗಳಂತೆ ಮಾಸುವುದಿಲ್ಲವಾದ್ದರಿಂದ ಮಾದರಿಗಳನ್ನು ಕೂಡಿಟ್ಟು ಒಟ್ಟಿಗೆ ಓಡಿಸುತ್ತೇನೆ. ಒಂದೇ ಶುದ್ಧ ಕಿಣ್ವದ ವೇಗ ಬೇಕಾದವರು ಪ್ರತಿದೀಪ್ತಿಯಲ್ಲೇ ಇರಲಿ. ಬಣ್ಣವೂ ಕಲ್ಮಶವೂ ತುಂಬಿದ ಮಾದರಿಯಲ್ಲಿ ಮೂರು ಪ್ರೋಟಿಯೇಸುಗಳನ್ನು ಒಟ್ಟಿಗೆ ಅಳೆಯಬೇಕಾದವರು ಇದನ್ನು ತೆಗೆದುಕೊಳ್ಳಬಹುದು, ಕತ್ತರಿಸಲಾಗದ ಪೆಪ್ಟೈಡಿನ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಂಡು. ಕಿಟ್ಟಿನಲ್ಲಿ ಅದು ಇಂದಿಗೂ ಬರುವುದಿಲ್ಲ.