ಮೊಂಡು ಕ್ಷೌರದ ಕತ್ತಿ ನನ್ನ ದವಡೆಗೂ ಬೆರಳಿಗೂ ಮಾಡಿದ್ದು

ಮಡಚುವ ಕ್ಷೌರದ ಕತ್ತಿಯಲ್ಲಿ ಶೇವ್ ಮಾಡಿಕೊಳ್ಳುವುದನ್ನು ಮನೆಯಲ್ಲೇ ಕಲಿಯಬೇಕು ಎಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಲಿಯಲು ಶುರುಮಾಡಿದ ಹನ್ನೆರಡನೇ ದಿನ ನನ್ನ ಎಡದವಡೆಯ ಕೆಳಗೆ ಮೂರು ಹೊಲಿಗೆ, ಬಲಗೈ ತೋರುಬೆರಳಿಗೆ ಐದು ಹೊಲಿಗೆ ಬಿದ್ದವು. ನೋಡಿದವರೆಲ್ಲ 'ಅಷ್ಟು ಹರಿತವಾದದ್ದನ್ನು ಯಾಕೆ ಮುಟ್ಟಲು ಹೋದೆ' ಅಂದರು. ಆದರೆ ಆ ಕತ್ತಿ ಹರಿತವಾಗಿರಲಿಲ್ಲ. ಮೊಂಡಾಗಿತ್ತು, ಅದಕ್ಕೇ ಇಷ್ಟೆಲ್ಲ ಆಯಿತು.

ಕತ್ತಿಯನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಬಂದ ಕೂಡಲೇ ಬಳಸಬಹುದು ಎಂದು ಮಾರುವವರು ಬರೆದಿದ್ದರು. ಕನ್ನಡಿಯಂತೆ ಹೊಳೆಯುವ ಅಲಗು, ಮರದ ಹಿಡಿ, ನೋಡಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಒಂದು ಕಾಗದ ಹಿಡಿದು ಎಳೆದೆ, ಸರ್ರನೆ ಕತ್ತರಿಸಿತು. ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ. ಕಾಗದ ಕತ್ತರಿಸುವ ಹರಿತವೇ ಬೇರೆ, ಕೂದಲನ್ನು ಎಳೆಯದೆ ಚರ್ಮದ ಮಟ್ಟಕ್ಕೆ ಕತ್ತರಿಸುವ ಹರಿತವೇ ಬೇರೆ. ಕಾರ್ಖಾನೆಯಿಂದ ಬಂದ ಕತ್ತಿಗಳಲ್ಲಿ ಎಷ್ಟೋ ಕತ್ತಿಗಳನ್ನು ತಿಳಿದವರು ಸಾಣೆಕಲ್ಲಿನ ಮೇಲೆ ಇನ್ನೊಮ್ಮೆ ಹದಮಾಡದೆ ಮುಖಕ್ಕೆ ತಾಗಿಸಲೇಬಾರದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ದಿನ ಬಿಸಿನೀರಲ್ಲಿ ಮುಖ ತೊಳೆದು, ದಪ್ಪ ನೊರೆ ಹಚ್ಚಿ, ಕೆನ್ನೆಯ ಚರ್ಮವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದು ಕತ್ತಿ ಇಳಿಸಿದೆ. ಕೂದಲು ಕತ್ತರಿಸಿಕೊಳ್ಳುವ ಬದಲು ಬುಡದಿಂದ ಜಗ್ಗಿದಂತಾಯಿತು. ಕಣ್ಣಲ್ಲಿ ನೀರು ಬಂತು. ತಪ್ಪು ನನ್ನ ಕೈಯದೇ ಇರಬೇಕು, ಹೊಸಬನಲ್ಲವೇ ಎಂದುಕೊಂಡೆ. ಎಲ್ಲ ಅನಾಹುತಕ್ಕೂ ಮೂಲ ಆ ಒಂದು ಯೋಚನೆ. ಕತ್ತಿಯ ಮೇಲೆ ಅನುಮಾನ ಬರದೆ ನನ್ನ ಮೇಲೆ ಬಂದದ್ದರಿಂದ, ಅದು ಕೊಯ್ಯದೇ ಇದ್ದದ್ದನ್ನು ನಾನು ಒತ್ತಿ ಕೊಯ್ಯಿಸಲು ಹೋದೆ. ಅಲಗಿನ ಬೆನ್ನು ಚರ್ಮದಿಂದ ಸ್ವಲ್ಪವೇ ಎದ್ದಿರಬೇಕು, ಸುಮಾರು 30 ಡಿಗ್ರಿ ಓರೆ. ನಾನು ದಿನದಿಂದ ದಿನಕ್ಕೆ ಅದನ್ನು ಎತ್ತುತ್ತಾ ಹೋದೆ. ಹಾಗೆ ಎತ್ತಿದಾಗ ಅಂಚು ಚರ್ಮವನ್ನೇ ಕೆರೆಯುತ್ತದೆ. ನಾಲ್ಕನೇ ದಿನಕ್ಕೆ ಎರಡೂ ಕೆನ್ನೆ ಕೆಂಪಗೆ ಉರಿಯುತ್ತಿದ್ದವು, ಕುತ್ತಿಗೆಯ ತುಂಬ ಸಣ್ಣ ಸಣ್ಣ ಗುಳ್ಳೆಗಳು.

ಆಮೇಲೆ ತೊಗಲ ಪಟ್ಟಿಯ ಸರದಿ. ಶೇವ್ ಮಾಡುವ ಮುಂಚೆ ಕತ್ತಿಯನ್ನು ತೊಗಲ ಮೇಲೆ ಆಡಿಸಿದರೆ ಸರಿಹೋಗುತ್ತದೆ ಎಂದು ಎಲ್ಲೋ ಕೇಳಿದ್ದೆ. ತೊಗಲ ಪಟ್ಟಿ ಕತ್ತಿಯನ್ನು ಹರಿತ ಮಾಡುವುದಿಲ್ಲ, ಮೊದಲೇ ಹರಿತವಿರುವ ಅಂಚನ್ನು ನೇರಮಾಡಿ ನಯಗೊಳಿಸುತ್ತದೆ ಅಷ್ಟೇ. ಅಲ್ಲಿ ಬೆನ್ನು ಮುಂದೆ ಹೋಗಬೇಕು, ಅಂಚು ಹಿಂದೆ ಬರಬೇಕು. ಕೊನೆ ಮುಟ್ಟಿದಾಗ ಅಲಗನ್ನು ಬೆನ್ನಿನ ಮೇಲೆ ಹೊರಳಿಸಬೇಕು. ನಾನು ಅವಸರದಲ್ಲಿ ಅಂಚಿನ ಮೇಲೆ ಹೊರಳಿಸುತ್ತಿದ್ದೆ. ಪಟ್ಟಿಯನ್ನೂ ಸಡಿಲವಾಗಿ ಹಿಡಿದಿದ್ದೆ. ಪಟ್ಟಿಯಲ್ಲಿ ಮೂರು ಕಡೆ ಗಾಯ, ಕತ್ತಿಯ ಅಂಚು ಒಂದು ಬದಿಗೆ ಮಡಿಚಿಕೊಂಡಿತು. ಸ್ವಲ್ಪವಾದರೂ ಇದ್ದ ಹರಿತ ಅಲ್ಲಿಗೆ ಮುಗಿಯಿತು.

ಆಗಲಾದರೂ ನಿಲ್ಲಿಸಬಹುದಿತ್ತು. ಅಡುಗೆಮನೆಯ ಚಾಕು ಮಸೆಯುವ ಕಲ್ಲು ತೆಗೆದುಕೊಂಡು ಕೂತೆ. ಚಾಕುವಿಗೆ ಮಾಡುವಂತೆ ಬೆನ್ನನ್ನು ಎತ್ತಿ ಹಿಡಿದು ಮಸೆದೆ. ಕ್ಷೌರದ ಕತ್ತಿಯನ್ನು ಹಾಗೆ ಎತ್ತಲೇಬಾರದು. ಅದರ ದಪ್ಪ ಬೆನ್ನು ಇರುವುದೇ ಓರೆಯನ್ನು ಕಾಯುವುದಕ್ಕೆ. ಬೆನ್ನು, ಅಂಚು ಎರಡೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಬೇಕು, ಅಂಚು ಮುಂದಾಗಿ ಹೋಗಬೇಕು. ಕಲ್ಲೂ ಅದಕ್ಕೆ ತಕ್ಕದ್ದಿರಬೇಕು. ಕಲ್ಲಿನ ನಯವನ್ನು ಗ್ರಿಟ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ಸಾಮಾನ್ಯವಾಗಿ 1000 ಗ್ರಿಟ್‌ನಲ್ಲಿ ಅಂಚು ಕೂಡಿಸಿ, ಅಂದರೆ ಅಲಗಿನ ಎರಡೂ ಬದಿ ಒಂದೇ ಗೆರೆಯಲ್ಲಿ ಸೇರುವಂತೆ ಮಸೆದು, 4000, 8000 ಎಂದು ನಯಮಾಡುತ್ತಾ ಹೋಗುತ್ತಾರೆ. ಅನೇಕರು 12000ದವರೆಗೂ ಒಯ್ಯುತ್ತಾರೆ. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಒರಟು ಕಲ್ಲು. ಅದರಲ್ಲಿ ಮಸೆದ ಮೇಲೆ ಅಂಚು ಸಣ್ಣ ಗರಗಸವಾಯಿತು.

ಹನ್ನೆರಡನೇ ದಿನ ನನಗೆ ಎಲ್ಲೋ ಹೊರಡುವ ಅವಸರವಿತ್ತು. ಮುಖ ಎರಡು ನಿಮಿಷವೂ ನೆನೆದಿರಲಿಲ್ಲ. ದವಡೆಯ ಮೂಲೆಯಲ್ಲಿ ಎಲುಬು ತಿರುಗುವ ಜಾಗ ಇದೆಯಲ್ಲ, ಅಲ್ಲಿ ಕತ್ತಿ ಕೂದಲಿಗೆ ಸಿಕ್ಕಿ ನಿಂತಿತು. ಬಿಡಿಸಲು ಒತ್ತಿದೆ. ಕತ್ತಿ ಒಮ್ಮೆಲೇ ಬಿಟ್ಟುಕೊಂಡು ಪಕ್ಕಕ್ಕೆ ಜಾರಿತು. ಅಂಚು ಅಡ್ಡವಾಗಿ ಕೆಳಗಿಳಿಯುವಾಗ ಚರ್ಮ ಸುಮಾರಾಗಿ ತಾಳಿಕೊಳ್ಳುತ್ತದೆ. ಅದೇ ಅಂಚು ತನ್ನ ಉದ್ದಕ್ಕೆ ಒಂದಿಷ್ಟು ಸರಿದರೆ ಸಾಕು, ತರಕಾರಿ ಹೆಚ್ಚಿದಂತೆ ಕೊಯ್ದುಬಿಡುತ್ತದೆ, ಮೊಂಡಾಗಿದ್ದರೂ ಸರಿ. ನೋವು ಗೊತ್ತಾಗುವ ಮೊದಲೇ ನೊರೆ ಕೆಂಪಾಗಿದ್ದು ಕನ್ನಡಿಯಲ್ಲಿ ಕಾಣಿಸಿತು.

ಬೆದರಿ ಕತ್ತಿಯನ್ನು ಬೇಸಿನ್ ಅಂಚಿನ ಮೇಲಿಟ್ಟೆ. ಅದು ನೊರೆಯಲ್ಲಿ ಜಾರಿ ಬೀಳತೊಡಗಿತು. ಕೈ ತಾನಾಗಿಯೇ ಹೋಗಿ ಹಿಡಿಯಿತು. ದವಡೆಯ ಗಾಯಕ್ಕಿಂತ ಆಳವಾದ ಗಾಯ ಆಗಿದ್ದು ಆಗ. ಇದೊಂದನ್ನು ಕೈಗೆ ಅಭ್ಯಾಸ ಮಾಡಿಸಿ: ಬೀಳುವ ಕತ್ತಿಯನ್ನು ಬೀಳಲು ಬಿಡಬೇಕು, ಕಾಲು ಹಿಂದಕ್ಕೆ ತೆಗೆದುಕೊಳ್ಳಬೇಕು. ಕತ್ತಿ ಮುರಿದರೆ ಮುರಿಯಲಿ.

ಹೊಲಿಗೆ ಹಾಕಿದ ವೈದ್ಯರು ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿದ್ದು, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ನಾನು ತೆಗೆದುಕೊಳ್ಳುತ್ತಿರಲಿಲ್ಲ. ಆಸ್ಪಿರಿನ್, ವಾರ್ಫರಿನ್‌ನಂಥ ಮಾತ್ರೆಯಲ್ಲಿರುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಅಂಥವರು ಈ ಕತ್ತಿಯ ಆಸೆ ಬಿಡುವುದೇ ಒಳ್ಳೆಯದು. ಕೈ ನಡುಗುವವರಿಗೂ ಇದನ್ನೇ ಹೇಳುತ್ತೇನೆ.

ಗಾಯ ಮಾಗಿದ ಮೇಲೆ ಇಂಥ ಕತ್ತಿಗಳಿಗೆ ಸಾಣೆ ಹಿಡಿಯುವುದನ್ನು ಬಲ್ಲ ಒಬ್ಬರಿಗೆ ಕತ್ತಿ ತೋರಿಸಿದೆ. ಅವರು ದೀಪದ ಕೆಳಗೆ ಅಂಚನ್ನು ಮೇಲ್ಮುಖವಾಗಿ ಹಿಡಿದು ನೋಡಲು ಹೇಳಿದರು. ಹದವಾದ ಅಂಚು ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ, ಕಾಣಿಸುವುದೇ ಇಲ್ಲ. ನನ್ನದರಲ್ಲಿ ತುದಿಯಿಂದ ಬುಡದವರೆಗೆ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತಿತ್ತು. ಭೂತಗನ್ನಡಿಯಲ್ಲಿ ಹಲ್ಲುಹಲ್ಲಾಗಿ ಕಂಡಿತು. ಅವರು ಎಲ್ಲವನ್ನೂ ತೆಗೆದು ಮೊದಲಿಂದ ಅಂಚು ಕೂಡಿಸಿ ಕೊಟ್ಟರು. ಮುಂಗೈಯ ಒಂದು ಕೂದಲಿಗೆ, ಚರ್ಮಕ್ಕೆ ತಾಗದಂತೆ ಮೇಲಿನಿಂದ ಮುಟ್ಟಿಸಿದರು. ಕೂದಲು ಹಾಗೇ ತುಂಡಾಗಿ ಬಿತ್ತು.

ಆ ಕತ್ತಿಯಲ್ಲಿ ಕೆನ್ನೆ ಮುಟ್ಟಿದಾಗ ನನಗೆ ಸಿಟ್ಟೇ ಬಂತು. ಕತ್ತಿಯ ಭಾರವೊಂದೇ ಸಾಕಾಗಿತ್ತು, ನಾನು ಒತ್ತಬೇಕಾಗಿರಲಿಲ್ಲ. ಹನ್ನೆರಡು ದಿನ ಸಹಿಸಿದ ನೋವು ಯಾವುದೂ ಕಲಿಕೆಯ ಭಾಗವಾಗಿರಲಿಲ್ಲ. ಹೊಸಬರಿಗೆ ಸ್ವಲ್ಪ ನೋವು ಸಹಜ, ಕೈ ಪಳಗುತ್ತದೆ ಎಂದು ಹೇಳುವವರ ಮಾತು ನಂಬಬೇಡಿ. ಕೂದಲು ಜಗ್ಗಿದರೆ ಕತ್ತಿ ಕೆಳಗಿಟ್ಟು, ಆ ದಿನದ ಶೇವ್ ಅನ್ನು ಮಾಮೂಲಿ ರೇಜರ್‌ನಲ್ಲಿ ಮುಗಿಸಿ. ಕತ್ತಿಯನ್ನು ತಿಳಿದವರ ಕೈಗೆ ಕೊಡಿ.

ಕೊಳ್ಳುವ ಮೊದಲು ಮಾರುವವರಿಗೆ ಎರಡೇ ಪ್ರಶ್ನೆ ಕೇಳಿ. ಇದಕ್ಕೆ ಕೈಯಿಂದ ಸಾಣೆ ಹಿಡಿದಿದ್ದು ಯಾರು? ಕೊನೆಗೆ ಎಷ್ಟು ಗ್ರಿಟ್ ಕಲ್ಲಿನ ಮೇಲೆ ಮುಗಿಸಿದ್ದು? ಉತ್ತರ ಹಾರಿಕೆಯದಾದರೆ ಬೇಡ. ಇನ್ನೊಬ್ಬರು ಬಳಸಿದ ಹಳೆಯ ಕತ್ತಿಯಾದರೆ ಸೋಂಕು ಕಳೆಯುವಂತೆ ಸ್ವಚ್ಛಮಾಡಿಸದೆ ಮುಟ್ಟಬೇಡಿ. ಮನೆಯವರೇ ಆಗಿರಲಿ, ಒಂದೇ ಕತ್ತಿಯನ್ನು ಇಬ್ಬರು ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ, ಸಿ ರಕ್ತದ ಮೂಲಕ ಹರಡಬಲ್ಲವು. ಬ್ಲೇಡ್ ಬದಲಿಸುವ ಬಗೆಯ ಕತ್ತಿ ಸುಲಭ ಎಂದು ಕೆಲವರು ಸೂಚಿಸುತ್ತಾರೆ. ಅದರಲ್ಲಿ ಹರಿತದ ಚಿಂತೆ ಇಲ್ಲ ನಿಜ, ಆದರೆ ಅದು ಹಗುರ, ಬ್ಲೇಡಿನ ಮೂಲೆಗಳು ಚೂಪು, ಕೈ ತಪ್ಪಿದರೆ ಇನ್ನೂ ಬೇಗ ಕೊಯ್ಯುತ್ತದೆ.

ಈಗ ನಾನು ಕಿವಿಯ ಮುಂದಿನಿಂದ ಕೆನ್ನೆಯ ಸಮತಟ್ಟು ಭಾಗಕ್ಕೆ ಮಾತ್ರ ಕತ್ತಿ ಹಿಡಿಯುತ್ತೇನೆ, ಅದೂ ಕೂದಲು ಬೆಳೆದ ದಿಕ್ಕಿನಲ್ಲೇ. ಮೊದಲ ವಾರಗಳಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಗಲ್ಲ, ಮೀಸೆಯ ಜಾಗ, ಕುತ್ತಿಗೆಗೆ ಮಾಮೂಲಿ ರೇಜರ್. ಕುತ್ತಿಗೆಯಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆದಿರುತ್ತದೆ. ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿ ನೋಡಿದರೆ ನಿಮಗೇ ತಿಳಿಯುತ್ತದೆ. ಬೇಸಿನ್ ಮೇಲೆ ದಪ್ಪ ಟವೆಲ್ ಹಾಸಿರುತ್ತೇನೆ, ಬಾಗಿಲಿಗೆ ಚಿಲಕ ಹಾಕಿರುತ್ತೇನೆ, ಫೋನ್ ಹೊರಗಿರುತ್ತದೆ. ಅವಸರವಿರುವ ದಿನ ಕತ್ತಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ತೋರುಬೆರಳಿನ ತುದಿಗೆ ಇನ್ನೂ ಸರಿಯಾಗಿ ಸ್ಪರ್ಶ ಬಂದಿಲ್ಲ, ನೀರು ಎಷ್ಟು ಬಿಸಿಯಿದೆ ಎಂದು ಎಡಗೈಯಲ್ಲೇ ಮುಟ್ಟಿ ನೋಡಿಕೊಳ್ಳುತ್ತೇನೆ.